ದೀಪದ ಮುಂದಿಟ್ಟ ಕೀ

ನನ್ನ ಗಂಡ ತೀರಿಕೊಂಡ ಮೇಲೆ ಅವರ ಕಾರು ತಾನಾಗಿಯೇ ಕಣ್ಣು ಮಿಟುಕಿಸತೊಡಗಿತು. ಹೊತ್ತು ಮುಳುಗಿ ದೇವರಿಗೆ ದೀಪ ಹಚ್ಚಿದ ಸ್ವಲ್ಪ ಹೊತ್ತಿಗೆ, ಮನೆ ಮುಂದೆ ನಿಂತ ಕಾರಿನ ಹಳದಿ ದೀಪಗಳು ಎರಡು ಸಲ ಹೊತ್ತಿ ಆರುತ್ತಿದ್ದವು. ಬಾಗಿಲಿನ ಲಾಕು ಟಕ್ಕೆಂದು ಬಿಚ್ಚಿಕೊಳ್ಳುತ್ತಿತ್ತು. ದಿನಾ ಅಲ್ಲ. ದಿನಾ ಆಗಿದ್ದರೆ ಅಭ್ಯಾಸವಾಗುತ್ತಿತ್ತೇನೋ. ಕೆಲವು ದಿನ ಸುಮ್ಮನಿದ್ದು, ಇನ್ನಿಲ್ಲ ಅಂದುಕೊಳ್ಳುವಾಗ ಮತ್ತೆ ಟಕ್.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು. ದೆವ್ವ ಗಿವ್ವ ಅಂದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದವಳು. ಆದರೂ ಆ ಸದ್ದು ಕೇಳಿದೊಡನೆ ರೊಟ್ಟಿ ತಟ್ಟುವ ಕೈ ಹಾಗೇ ನಿಲ್ಲುತ್ತಿತ್ತು. ಬರೀ ಹೆದರಿಕೆ ಎಂದರೆ ಸುಳ್ಳಾಗುತ್ತದೆ. ಅದರ ಜೊತೆಗೆ ಒಂದು ಹುಚ್ಚು ಆಸೆಯೂ ಇತ್ತು. ಇನ್ನೇನು ಗೇಟು ಕಿರ್ ಅನ್ನುತ್ತದೆ, ಚಪ್ಪಲಿ ಬಿಡುವ ಸದ್ದಾಗುತ್ತದೆ ಎಂದು ಕಿವಿ ತಾನೇ ಕಾಯುತ್ತಿತ್ತು.

ಅತ್ತೆಗೆ ಅನುಮಾನವೇ ಇರಲಿಲ್ಲ. "ಬಂದ ನೋಡವ್ವ" ಎನ್ನುತ್ತ ಹೋಗಿ ಹೊರಗಿನ ಕಟ್ಟೆಯ ಮೇಲೆ ಕೂರುತ್ತಿದ್ದರು.

ನಮ್ಮ ಕಡೆ ಮನೆಯಿಂದ ಹೊರಡುವವರು 'ಹೋಗ್ತೀನಿ' ಅನ್ನಬಾರದು, 'ಬರ್ತೀನಿ' ಅನ್ನಬೇಕು. ಒಳಗಿದ್ದವರು 'ಹೋಗಿ ಬಾ' ಅನ್ನಬೇಕು. ಹಡಗಲಿಯ ಕಚೇರಿಗೆ ಹೊರಟ ಆ ಬೆಳಿಗ್ಗೆ ಇವರು ಎಂದಿನಂತೆ "ಬರ್ತೀನವ್ವ" ಎಂದು ಕೂಗಿದ್ದರು. ಅತ್ತೆ ಬಚ್ಚಲಲ್ಲಿದ್ದರು. ಕೇಳಿಸಿತ್ತು, ಆದರೆ ಮೈಮೇಲೆ ನೀರು ಹುಯ್ದುಕೊಳ್ಳುತ್ತಿದ್ದವರು ತಿರುಗಿ ಏನೂ ಹೇಳಲಿಲ್ಲ. ಮಧ್ಯಾಹ್ನ ಕಚೇರಿಯ ಕುರ್ಚಿಯಲ್ಲೇ ಇವರ ಎದೆ ನಿಂತುಹೋಯಿತು. ಜೊತೆಯವರು ಯಾರೋ ಕಾರು ತಂದು ನಿಲ್ಲಿಸಿ ಕೀಯನ್ನು ಅತ್ತೆಯ ಕೈಗಿಟ್ಟರು. ಅವರು ಅದನ್ನು ದೇವರ ಜಗಲಿಯ ಮೇಲೆ, ಮಗನ ಫೋಟೋದ ಕೆಳಗೆ ಇಟ್ಟರು.

"ಬರ್ತೀನಿ ಅಂದೋನಿಗೆ ನಾನು ಹೋಗಿ ಬಾ ಅನ್ನಲಿಲ್ಲ. ಅದಕ್ಕ ಅಂವ ಬಾಗಲದಾಗ ನಿಂತಾನ" ಎಂದರು ಒಂದು ಸಂಜೆ.

"ಹಂಗಾರ ಈಗ ಅಂದುಬಿಡ್ರಿ ಅತ್ತಿ" ಎಂದೆ. ನನ್ನ ನಾಲಿಗೆ ಸ್ವಲ್ಪ ಚುರುಕು.

"ಅಂದ್ರ ಹೋಗಿಬಿಡ್ತಾನಲ್ಲ" ಎಂದರು.

ಆಮೇಲೆ ನಾನು ಆ ಮಾತು ತೆಗೆಯಲಿಲ್ಲ. ಆದರೆ ಕಾರು ನನಗೆ ಬೇಕಿತ್ತು. ನನ್ನ ಶಾಲೆ ಇರುವುದು ಕೊಟ್ಟೂರಿನ ದಾರಿಯ ಹಳ್ಳಿಯಲ್ಲಿ. ಲಾಕು ಬಿಚ್ಚಿ, ಒಳಗಿನ ದೀಪ ರಾತ್ರಿಯೆಲ್ಲ ಉರಿದು, ಬೆಳಿಗ್ಗೆ ನೋಡಿದರೆ ಬ್ಯಾಟರಿ ಸತ್ತಿರುತ್ತಿತ್ತು. ಎದುರು ಮನೆಯಾಕೆ, "ಸತ್ತೋರ ಗಾಡಿ ಮನಿ ಮುಂದ ಇಟ್ಕೋಬಾರದ್ರಿ ಟೀಚರ್, ಮಾರಿಬಿಡ್ರಿ" ಎಂದು ಬುದ್ಧಿ ಹೇಳಿದರು. ನನಗೆ ಪಿತ್ತ ನೆತ್ತಿಗೇರಿತು. "ಮನೀನೂ ಸತ್ತೋರದ ಐತ್ರಿ, ಅದನ್ನೂ ಮಾರಲೇನು?" ಎಂದೆ. ಅವರು ಇಂದಿಗೂ ನನ್ನ ಜೊತೆ ಅಷ್ಟಕ್ಕಷ್ಟೇ.

ಒಂದು ಭಾನುವಾರ ಮಧ್ಯಾಹ್ನ ಕೀಯನ್ನು ಜಗಲಿಯಿಂದ ಇಳಿಸಿಕೊಂಡು ನಡುಮನೆಯಲ್ಲಿ ಕೂತೆ. ಗುಂಡಿ ಒತ್ತಿದರೆ ಚೂರಿಯ ಹಾಗೆ ಅಲಗು ಹೊರಗೆ ಚಿಮ್ಮುವ ನಮೂನೆಯ ಕೀ ಅದು. ಈಗ ಅಲಗು ಅರ್ಧಕ್ಕೇ ಸಿಕ್ಕಿಕೊಳ್ಳುತ್ತಿತ್ತು. ಎದುರಿಗೆ ಅತ್ತೆ ಶೇಂಗಾ ಒಡೆಯುತ್ತ ಕೂತಿದ್ದರು. "ಏನಾಗೈತಿ ಅದಕ್ಕ?" ಎಂದರು. ಅಲಗು ಬರವಲ್ದು ಎಂದಷ್ಟೇ ಹೇಳಿದೆ.

ಪಕ್ಕದ ಸಂದಿಗೆ ಸಣ್ಣ ಸ್ಕ್ರೂಡ್ರೈವರ್ ಕೊಟ್ಟು ತಿರುವಿದೆ. ಚಿಪ್ಪು ಎರಡು ಹೋಳಾಯಿತು. ಅಲಗಿನ ಸ್ಪ್ರಿಂಗು ಹಾರಿ ಹೋಗಿ ಅಲಮಾರಿನ ಕೆಳಗೆ ಸೇರಿತು. ಒಳಗೆ ನೋಡಿದರೆ ಅರ್ಧ ದೇವರ ಮನೆಯೇ ಇತ್ತು. ವಿಭೂತಿ, ಕುಂಕುಮ, ಎಣ್ಣೆ, ಎಲ್ಲ ಸೇರಿ ಕೆಂಪು ಕೆಸರಾಗಿ ಒಣಗಿತ್ತು. ಅತ್ತೆ ದಿನಾ ಸಂಜೆ ಕೀಗೆ ವಿಭೂತಿ ಎಳೆದು, ಕುಂಕುಮವಿಟ್ಟು, ದೀಪದ ಮುಂದೆ ಇಡುತ್ತಿದ್ದರು. ಬಾಗಿಲು ತೆಗೆಯುವ ಗುಂಡಿಯ ಕೆಳಗೆ ಆ ಕೆಸರು ಗಟ್ಟಿಯಾಗಿ ಕೂತಿತ್ತು. ದೀಪದ ಶಾಖ ತಾಗಿದಾಗ ಮೇಲಿನ ರಬ್ಬರು ಮೆತ್ತಗಾಗಿ ಕುಸಿದು ಗುಂಡಿಯನ್ನು ಒತ್ತುತ್ತಿತ್ತು. ಹೊರಗೆ ಕಾರು ಕಣ್ಣು ಬಿಡುತ್ತಿತ್ತು. ಇಷ್ಟೇ. ಎಂಟನೇ ಕ್ಲಾಸಿನ ಪಾಠ.

ಆ ರಬ್ಬರು ಕಂಪನಿಯದಲ್ಲ. ತೆಲಿಗಿಯ ನಂಟರ ಮನೆಯಲ್ಲಿ ಕೀ ಕಲ್ಲಿನ ಮೇಲೆ ಬಿದ್ದು ಗುಂಡಿ ಹರಿದಾಗ, ಇವರು ಸೈಕಲ್ ಟ್ಯೂಬಿನ ಚೂರು ಕತ್ತರಿಸಿ ಅಂಟಿಸಿದ್ದರು. ನಮ್ಮ ಮನೆಯಲ್ಲಿ ಏನನ್ನೂ ಎಸೆಯಲು ಬಿಟ್ಟವರಲ್ಲ. ಅಂಟು ಹೆಚ್ಚಾಗಿ ಚಿಪ್ಪಿನ ಒಳಮೈಗೆ ಹರಿದು ಗಾಜಿನಂತೆ ಗಟ್ಟಿಯಾಗಿತ್ತು. ಬಟ್ಟೆಯಿಂದ ಕೆಂಪು ಒರೆಸಿ ಕಿಟಕಿಯ ಬೆಳಕಿಗೆ ಹಿಡಿದೆ. ಆ ಅಂಟಿನಲ್ಲಿ ಒಂದು ಹೆಬ್ಬೆರಳಿನ ಗೆರೆಗಳೆಲ್ಲ ಹಾಗೇ ಮೂಡಿದ್ದವು.

ಟಕ್ಕೆಂದ ಯಾವ ಸಂಜೆಯೂ ಅವರು ನನಗೆ ಇಷ್ಟು ಹತ್ತಿರ ಬಂದಿರಲಿಲ್ಲ.

"ಏನವ್ವ ಅದು?" ಎಂದರು ಅತ್ತೆ.

"ನಿಮ್ಮ ಮಗನ ಹೆಬ್ಬಟ್ಟು" ಎಂದೆ.

ಶೇಂಗಾದ ಧೂಳನ್ನು ಸೀರೆಗೆ ಒರೆಸಿಕೊಂಡು ಅವರು ಚಿಪ್ಪನ್ನು ತೆಗೆದುಕೊಂಡರು. ಆ ಗುರುತಿನ ಮೇಲೆ ತಮ್ಮ ಹೆಬ್ಬೆರಳು ಇಟ್ಟು ಬಹಳ ಹೊತ್ತು ಕೂತರು. ಇದನ್ನು ಕೆರೆದು ತೆಗೆಯದಿದ್ದರೆ ಹೊಸ ರಬ್ಬರು ಕೂರುವುದಿಲ್ಲ, ತೆಗೆದರೆ ಕಾರು ತಾನಾಗಿ ಬಾಗಿಲು ಬಿಚ್ಚುವುದಿಲ್ಲ ಎಂದು ನಾನು ಬಿಡಿಸಿ ಹೇಳಲೇಬೇಕಾಯಿತು. ವಿಭೂತಿಯ ಮಾತನ್ನೂ ಹೇಳಿದೆ.

"ಹಂಗಾರ ಅಂವ ಬರ್ತಿದ್ದಿಲ್ಲೇನು?"

ತರಗತಿಯಲ್ಲಿ ಯಾವ ಪ್ರಶ್ನೆಗೂ ತಡವರಿಸದ ನಾನು ಕೆಂಪಾದ ಬಟ್ಟೆಯನ್ನು ಮಡಿಚಿ ಮತ್ತೆ ಬಿಚ್ಚಿದೆ. ಹೊರಗೆ ಸ್ಟೇಷನ್ ಕಡೆ ರೈಲು ಕೂಗಿತು.

"ತಗಿಯವ್ವ" ಎಂದರು ಕೊನೆಗೆ. "ಎಷ್ಟು ದಿನ ಅಂತ ಬಾಗಲದಾಗ ನಿಂದರಿಸ್ಲಿ."

ಗುರುತು ಹಾಗೇ ಇಡಿಯಾಗಿ ಎದ್ದು ಬರಲಿ ಎಂದು ಬ್ಲೇಡಿನಿಂದ ಮೆಲ್ಲಗೆ ಎಬ್ಬಿಸಿದೆ. ಬರಲಿಲ್ಲ. ಪುಡಿಪುಡಿಯಾಗಿ ಉದುರಿ ಶೇಂಗಾ ಸಿಪ್ಪೆಯಲ್ಲಿ ಸೇರಿಹೋಯಿತು. ಒಳಗಿನ ತಾಮ್ರದ ಗೆರೆಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಟ್ಯೂಬಿನ ಹೊಸ ಚೂರು ಅಂಟಿಸಿ, ಅಲಮಾರಿನ ಕೆಳಗಿನಿಂದ ಸ್ಪ್ರಿಂಗು ಹುಡುಕಿ ತಂದು ಸುತ್ತಿ ಕೂರಿಸಿ ಚಿಪ್ಪು ಮುಚ್ಚಿದೆ. ಒತ್ತಿದರೆ ಅಲಗು ಚಂಗನೆ ಹೊರಬಂತು. ನನಗೆ ಖುಷಿಯಾಗಲಿಲ್ಲ.

ಅವತ್ತು ಅತ್ತೆ ಕೀಯನ್ನು ಜಗಲಿಗೆ ಕೇಳಲಿಲ್ಲ. ದೀಪ ಹಚ್ಚಿ ಕಟ್ಟೆಗೆ ಹೋಗಿ ಕೂತರು, ನಾನೂ ಹೋಗಿ ಪಕ್ಕದಲ್ಲಿ ಕೂತೆ. ಕಾರಣವೆಲ್ಲ ಗೊತ್ತಿದ್ದೂ ಕಾದೆ. ಕಾರು ಕಪ್ಪಗೆ ಸುಮ್ಮನೆ ನಿಂತಿತ್ತು. ನನ್ನ ಗಂಡ ಸತ್ತದ್ದು ನನಗೆ ತಿಳಿದದ್ದು ಆ ಸಂಜೆ.

"ಬಾಗಲ ಹಾಕೋದು ಯಾವುದು?" ಎಂದು ಅತ್ತೆ ಕೈ ಚಾಚಿದರು. ಕೆಳಗಿನ ಗುಂಡಿ ತೋರಿಸಿದೆ. ಹೆಬ್ಬೆರಳಿನಿಂದ ಒತ್ತಿದರು. ಹಳದಿ ದೀಪ ಒಮ್ಮೆ ಹೊತ್ತಿ ಆರಿತು, ಲಾಕು ಬಿತ್ತು.

"ಹೋಗಿ ಬಾರಪ್ಪ" ಎಂದರು, ಬಹಳ ಮೆಲ್ಲಗೆ. ಆಮೇಲೆ ಊಟಕ್ಕೆ ಎದ್ದರು.

ಬೆಳಿಗ್ಗೆ ಶಾಲೆಗೆ ಹೊರಟು, "ಬರ್ತೀನ್ರಿ ಅತ್ತಿ" ಎಂದು ಅಭ್ಯಾಸದಂತೆ ಕೂಗಿ ಗೇಟಿಗೆ ಬಂದೆ. ಬಚ್ಚಲಿನಿಂದ ನೀರಿನ ಸದ್ದು ತಟ್ಟನೆ ನಿಂತಿತು. "ಹೋಗಿ ಬಾರವ್ವ" ಎಂದು ಕೂಗಿದರು. ಕೇಳಿಸಿತೋ ಇಲ್ಲವೋ ಎಂದು ಮತ್ತೆ ಕೂಗಿದರು, ದನಿ ಒಡೆಯುವ ಹಾಗೆ. ನಾನು ತಿರುಗಿ ಒಳಗೆ ಬಂದು, ಬಚ್ಚಲ ಬಾಗಿಲಿಗೆ ಬಾಯಿಟ್ಟು, ಕೇಳಿಸಿತ್ರಿ ಎಂದು ಹೇಳಿ ಹೋದೆ.