ಉಕ್ಕಿನ ಬಿಲ್ಲನ್ನು ಹಲ್ಲಿನಲ್ಲಿ ಕಚ್ಚಿದ ದಿನ

ಸೂಡಿಯ ಮೈನುದ್ದೀನ ಬಿದಿರು ಸೀಳಿ ಬಿಲ್ಲು ಕಟ್ಟುವವನು. ಹೊಲಕ್ಕೆ ನುಗ್ಗುವ ಹಂದಿ ಅಟ್ಟುವವರು, ಬನ್ನಿ ಹಬ್ಬದಲ್ಲಿ ಬಾಳೆಕಂಬಕ್ಕೆ ಬಾಣ ಬಿಡುವ ಮನೆತನದವರು, ಎಲ್ಲರೂ ಅವನ ಕಟ್ಟೆಗೇ ಬರುತ್ತಿದ್ದರು. ಕಟ್ಟುವುದಕ್ಕಿಂತಲೂ ಬಿಲ್ಲು ಪರೀಕ್ಷಿಸಿ ಒಪ್ಪುವುದರಲ್ಲಿ ಅವನ ಹೆಸರು ದೊಡ್ಡದು. ಬಿಲ್ಲಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ನಡುವಿನ ಹಿಡಿಗೆ ಬೆರಳಗೆಣ್ಣಿನಿಂದ ಬಡಿದು, ಕಣ್ಣು ಮುಚ್ಚಿ ಕೂಡುತ್ತಿದ್ದ. ಒಳಗೆ ಬಿರುಕಿದ್ದರೆ ಅದು ದವಡೆಯ ಎಲುಬಿಗೆ ಬಂದು ಹೇಳುತ್ತಿತ್ತು. ಅವನು ಸರಿ ಎಂದು ತಲೆಯಾಡಿಸಿದ ಬಿಲ್ಲನ್ನು ಮತ್ತೆ ಯಾರೂ ಪರೀಕ್ಷಿಸುತ್ತಿರಲಿಲ್ಲ.

ಗುರುಸಂಗಪ್ಪಗೌಡರ ಬಿಲ್ಲಿಗೂ ಹಾಗೆಯೇ ತಲೆಯಾಡಿಸಿದ್ದ. ಸ್ವಾತಂತ್ರ್ಯ ಬಂದ ವರ್ಷದ ಬನ್ನಿ ಹಬ್ಬದಂದು ಗೌಡರು ಕಿವಿಯ ತನಕ ಹೆದೆ ಎಳೆದರು. ‘ಚಿಟ್’ ಎಂದಿತು. ಮುರಿದ ತುಂಡು ತಲೆಗೆ ಬಡಿದು ಗೌಡರು ಅಲ್ಲೇ ಕುಸಿದರು. ಗಜೇಂದ್ರಗಡದ ದವಾಖಾನೆ ಮುಟ್ಟುವ ಮೊದಲೇ ಚಕ್ಕಡಿಯಲ್ಲಿ ಉಸಿರು ನಿಂತಿತು.

ಅಂದಿನಿಂದ ಆ ಸಪ್ಪಳ ಮೈನುದ್ದೀನನ ದವಡೆಯಲ್ಲಿ ಮನೆ ಮಾಡಿತು. ಕಟಕ ರೊಟ್ಟಿ ಮುರಿದರೆ ಅದೇ. ಹೆಂಡತಿ ಮೈಮುನಬಿ ಬಳೆ ಸರಿಸಿದರೆ ಅದೇ. ಯಾವ ಬಿಲ್ಲು ಕಚ್ಚಿದರೂ ಅದೇ. ಬಂದ ಬಿಲ್ಲನ್ನೆಲ್ಲ ಬೇಡವೆಂದು ತಿರುಗಿಸಿ ಕಳಿಸಿದ. ಮಂದಿ ಬರುವುದನ್ನೇ ಬಿಟ್ಟರು. ಅಂಗಳದ ಬಿದಿರಿಗೆ ಹುಳ ಹತ್ತಿತು.

ಏಳೆಂಟು ವರ್ಷ ಕಳೆದು ಗೌಡರ ಮಗ ಮಹಾಲಿಂಗಪ್ಪ ಬಾಣ ಬಿಡುವ ವಯಸ್ಸಿಗೆ ಬಂದ. ಗದಗಿನಲ್ಲಿ ಮ್ಯಾಟ್ರಿಕ್ ಮುಗಿಸಿದವನು, ವರ್ಷದ ಹಿಂದೆಯೇ ಮುಂಬೈಯಿಂದ ಉಕ್ಕಿನ ಬಿಲ್ಲು ತರಿಸಿದ್ದ. ಒಳಗೆ ಪೊಳ್ಳು ಕೊಳವೆ, ಹೊರಗೆ ಕನ್ನಡಿಯ ಹೊಳಪು. ಆದರೆ ತಾಯಿ ಸಿದ್ದಲಿಂಗವ್ವ ಹಟ ಹಿಡಿದಳು: ಮೈನುದ್ದೀನ ಒಪ್ಪದ ಹೊರತು ಮಗ ಅದನ್ನು ಬನ್ನಿಗೆ ಒಯ್ಯುವಂತಿಲ್ಲ. ಗಂಡನ ಸಾವು ತಂದವನನ್ನೇ ಕರೆಯುತ್ತೀಯಲ್ಲ ಎಂದವರಿಗೆ, “ಅವರಷ್ಟು ಅಂಜಿದವರು ಊರಾಗ ಯಾರದಾರ?” ಎಂದಳು.

ಮೈನುದ್ದೀನ ಬಂದು ಪಡಸಾಲೆಯ ಅಂಚಿನಲ್ಲಿ ಕೂತ. ಮಹಾಲಿಂಗಪ್ಪ ಬಿಲ್ಲಿನ ಜೊತೆ ಬಂದಿದ್ದ ಹಾಳೆಯನ್ನು ಓದಿ ಹೇಳಿದ.

“ಕೇಳ್ರಿ ಕಾಕಾ. ಎಂದೂ ಮುರಿಯೂದಿಲ್ಲಂತ. ನೀರಿಗೆ, ಬಿಸಲಿಗೆ ಜಗ್ಗೂದಿಲ್ಲಂತ. ಇದಕ್ಕ ಯಾವ ಉಪಚಾರನೂ ಬ್ಯಾಡಂತ.”

“ನನಗೂ ಅಂಥಾದೊಂದು ದೇಹ ತರಿಸಿ ಕೊಡೋ ತಮ್ಮಾ,” ಎಂದ ಮೈನುದ್ದೀನ. ಯಾರೋ ನಕ್ಕರು. ಅವನು ಬಿಲ್ಲನ್ನು ತೊಡೆಯ ಮೇಲೆ ಎಳೆದುಕೊಂಡ.

ಕಚ್ಚಿದ. ಬಡಿದ. ಉಕ್ಕಿನ ತಂಪು ಹಲ್ಲಿಗೆ ತಾಗಿದ್ದೇ ತಡ, ‘ಚಿಟ್’. ಮತ್ತೆ ಬಡಿದ. ಮತ್ತೆ ‘ಚಿಟ್’.

“ಬ್ಯಾಡ್ರಿ,” ಎಂದು ಕೆಳಗಿಟ್ಟ.

“ನಿಮಗ ಕಸಬರಗಿ ಕಡ್ಡಿ ಕೊಟ್ರೂ ಬ್ಯಾಡಂತೀರಿ,” ಎಂದು ಮಹಾಲಿಂಗಪ್ಪ ಸಿಟ್ಟಾದ. “ಹೊಲದಾಗ ದಿನಾ ಹೊಡದೀನಿ. ಸೂಜಿ ನೆಟ್ಟಂಗ ನೆಡ್ತೈತಿ!”

ಹುಡುಗ ಹೇಳಿದ್ದು ಸುಳ್ಳಲ್ಲ. ಸಪ್ಪಳ ಬಿಲ್ಲಿನದೋ ಸತ್ತ ಗೌಡರದೋ ಮೈನುದ್ದೀನನಿಗೇ ತಿಳಿಯದು. ಒಪ್ಪಿದರೆ ಹುಡುಗನ ತಲೆ. ಒಪ್ಪದಿದ್ದರೂ ಆ ಬಿಸಿರಕ್ತ ತಾಯಿಯ ಕಣ್ಣು ತಪ್ಪಿಸಿ ಹೆದೆ ಎಳೆದೇ ಎಳೆಯುತ್ತದೆ.

“ಅವ್ವಾರ, ನನ್ನ ಕಿವಿ ಕೆಟ್ಟೈತ್ರಿ. ನೀವ ಒಮ್ಮೆ ಕಚ್ಚಿ ನೋಡ್ರಿ,” ಎಂದುಬಿಟ್ಟ.

ಪಡಸಾಲೆಯಲ್ಲಿ ಗುಸುಗುಸು ಎದ್ದಿತು. ಮುಸಲ್ಮಾನ ಕಚ್ಚಿದ್ದನ್ನು ಗೌಡರ ಮನೆಯ ಹೆಣ್ಣುಮಗಳು ಕಚ್ಚುವುದೇ? ಸಿದ್ದಲಿಂಗವ್ವ ಯಾರ ಮುಖವನ್ನೂ ನೋಡದೆ ಸೆರಗಿನಿಂದ ತುದಿ ಒರೆಸಿ ಬಾಯಿಗಿಟ್ಟಳು. ಮೈನುದ್ದೀನ ಬಡಿದ. ಅವಳ ಹುಬ್ಬು ಗಂಟಾಯಿತು.

“ಚಿಟ್ ಅಂತೇನ್ರಿ?”

“ಇಲ್ರಿ. ಒಳಗ ಉಸುಕು ಸರದಂಗ ಆಗ್ತೈತಿ.”

ಮೈನುದ್ದೀನ ಬಿಲ್ಲನ್ನು ತಲೆಕೆಳಗು ಹಿಡಿದು ಕಟ್ಟೆಗೆ ಕುಟ್ಟಿದ. ಹೆದೆ ಸಿಕ್ಕಿಸುವ ತೂತಿನಿಂದ ತುಕ್ಕಿನ ಪುಡಿ ಸುರಿಯಿತು, ಕೆಂಪಗೆ, ಹಿಡಿಯಷ್ಟು. ನಡುವೆ ಹಕ್ಕಳೆಯಂತೆ ಎದ್ದ ಚೂರುಗಳು. ಮಹಾಲಿಂಗಪ್ಪ ತನ್ನ ತಲೆ ಮುಟ್ಟಿಕೊಂಡ.

ಸಿದ್ದಲಿಂಗವ್ವ ಬಾಗಿಲ ಚೌಕಟ್ಟು ಹಿಡಿದಳು. ಮನೆಯ ಬಿದಿರು ಬಿಲ್ಲಿಗೆ ನಡೆಸುತ್ತಿದ್ದ ಪದ್ಧತಿಯನ್ನೇ ಇದಕ್ಕೂ ನಡೆಸಿದವಳು ಅವಳೇ: ಅಮಾವಾಸ್ಯೆಗೊಮ್ಮೆ ನೀರೆರೆದು ಪೂಜೆ ಮಾಡಿ, ಕುಸುಬಿ ಎಣ್ಣೆ ಸವರಿ, ಒಲೆಯ ಹೊಗೆಗೆ ತೂಗುಹಾಕುತ್ತಿದ್ದಳು. ಎಣ್ಣೆ ಹೊರಗೆ ಉಳಿದಿತ್ತು, ನೀರು ಒಳಗೆ ಇಳಿದಿತ್ತು.

“ನನ್ನ ಕೈಲೇ ಮಗನ್ನ ತಿಂತಿದ್ನಲ್ಲೋ ಯಪ್ಪಾ!”

“ನಿಮ್ದೇನ್ ತಪ್ಪ ಅವ್ವಾರ?” ಎಂದ ಮೈನುದ್ದೀನ. “ಸೂಜಿ ನೆಟ್ಟಂಗ ಹೊಡೀತೈತಿ, ಅದು ಖರೇ. ನೀರಿಗೆ ಜಗ್ಗೂದಿಲ್ಲ ಅಂತ ಬರದದ್ದು ಮಾತ್ರ ಸುಳ್ಳ.”

ಮಂದಿ ಅವನನ್ನು ಹಾಡಿ ಹೊಗಳಿದರು. ಅವನು ತಲೆ ತಗ್ಗಿಸಿ ಹೊರಬಿದ್ದ. ಸಿದ್ದಲಿಂಗವ್ವ ಅಂಗಳದ ತನಕ ಬಂದಳು.

“ಒಂದ್ ಮಾತು. ಆ ಉಸುಕು ನಿಮಗ ಕೇಳಿತ್ತೇನ್ರಿ?”

“ಇಲ್ರಿ. ನನಗ ಗೌಡ್ರು ಅಷ್ಟ ಕೇಳಿದ್ರು.”

ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. “ಹಂಗಾರ ನೀವು ಕಟ್ರಿ. ನಾ ಕಚ್ಚತೀನಿ.”

ಹೊಸ ಬಿದಿರು ಬಂತು, ಬಿಲ್ಲಾಯಿತು, ಸಿದ್ದಲಿಂಗವ್ವ ಕಚ್ಚಿ ಒಪ್ಪಿದಳು. ಬಿಲ್ಲು ಒಪ್ಪಿದವರು ಬಾಣ ಬಿಡುವವನ ಪಕ್ಕದಲ್ಲೇ ನಿಲ್ಲಬೇಕೆಂಬುದು ಆ ಊರ ರೂಢಿ. ಆ ವರ್ಷ ಗಂಡ ಸತ್ತವಳು ಬನ್ನಿಮರದ ಕೆಳಗೆ ಬಂದು ನಿಂತಳು. ‘ದೂರ ಸರಿ’ ಎನ್ನುವ ಧೈರ್ಯ ಯಾರಿಗೂ ಆಗಲಿಲ್ಲ.

ಮೈನುದ್ದೀನ ಮಂದಿಯ ಹಿಂದೆ, ಬೆನ್ನು ಕೊಟ್ಟು, ಕಣ್ಣು ಮುಚ್ಚಿ ನಿಂತಿದ್ದ. ಬಾಣ ಬಾಳೆಗೆ ನೆಟ್ಟಿತು, ಕೇಕೆ ಎದ್ದಿತು, ಅವನು ತಿರುಗಲಿಲ್ಲ. ಸಿದ್ದಲಿಂಗವ್ವ ಮಗನನ್ನು ಕರೆತಂದು ಎದುರು ನಿಲ್ಲಿಸಿ, ಮೈನುದ್ದೀನನ ಕೈಯನ್ನು ಹುಡುಗನ ತಲೆಯ ಮೇಲೆ ಇಡಿಸಿದಳು. ಆಮೇಲೆಯೇ ಅವನು ಕಣ್ಣು ತೆರೆದದ್ದು.