ನೋಯಿಸದೆ ಬಿಡುವ ಪಟ್ಟಿ

ವಿಶ್ವವಿದ್ಯಾಲಯದ ರಸಾಯನ ವಿಭಾಗದಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಅಂಟಕ್ಕ ಎಂದೇ. ಬೆರಳಿಗೆ ಸದಾ ಯಾವುದಾದರೊಂದು ಅಂಟು ಮೆತ್ತಿಕೊಂಡಿರುತ್ತಿತ್ತು. ಅವಳು ಬಾಗಿಲು ಮುಟ್ಟಿದರೆ ಹಿಡಿಕೆಯೇ ಕೈಗೆ ಬರುತ್ತದೆ ಎಂದು ಸಹೋದ್ಯೋಗಿಗಳು ನಗುತ್ತಿದ್ದರು. ಅವಳೂ ನಗುತ್ತಿದ್ದಳು.

ಈ ಗೀಳು ಹಿಡಿದದ್ದು ತಮ್ಮನಿಂದ. ಬೇಕರಿಯಲ್ಲಿ ಕೆಲಸಕ್ಕಿದ್ದ ಅವನ ತೋಳಿನ ಮೇಲೆ ಒಮ್ಮೆ ಕಾದ ಎಣ್ಣೆ ಬಿದ್ದಿತ್ತು. ಸುಟ್ಟ ಉರಿಯನ್ನು ಹಲ್ಲು ಕಚ್ಚಿ ತಡೆದವನು, ದಿನಾ ಬೆಳಿಗ್ಗೆ ನರ್ಸು ಹಳೆಯ ಪಟ್ಟಿ ಬಿಚ್ಚುವಾಗ ಮಾತ್ರ ಆಸ್ಪತ್ರೆಯೇ ಅದುರುವಂತೆ ಕಿರುಚುತ್ತಿದ್ದ. ಪಟ್ಟಿಯ ಜೊತೆಗೆ ಆಗತಾನೇ ಕೂಡುತ್ತಿದ್ದ ಚರ್ಮವೂ ಕಿತ್ತು ಬರುತ್ತಿತ್ತು. ಹೊರಗೆ ಬೆಂಚಿನ ಮೇಲೆ ಕಿವಿ ಮುಚ್ಚಿ ಕುಳಿತಿದ್ದ ಅಕ್ಕ ಅಂದಿನಿಂದ ಒಂದೇ ಹಟಕ್ಕೆ ಬಿದ್ದಳು.

ವರ್ಷಗಳು ಉರುಳಿದವು. ಮದುವೆಯ ಮಾತು ಬಂದು ಹೋಯಿತು, ತಲೆಯಲ್ಲಿ ಬೆಳ್ಳಿ ಮೂಡಿತು. ಕೊನೆಗೂ ವಾರವಿಡೀ ಗಾಯದ ಮೇಲೆ ಕೂತಿದ್ದು, ತಣ್ಣೀರು ತಾಗಿದೊಡನೆ ತಾನಾಗಿ ಬಿಟ್ಟುಕೊಳ್ಳುವ ಪಟ್ಟಿಯೊಂದು ತಯಾರಾಯಿತು. ಆಸ್ಪತ್ರೆಯಲ್ಲಿ ಪರೀಕ್ಷೆ ನಡೆದಾಗ ಹಿರಿಯ ನರ್ಸು ಅದನ್ನು ಒಬ್ಬ ಮುದುಕನ ಬೆನ್ನಿನಿಂದ ತೆಗೆದಳು.

"ಶುರು ಮಾಡಮ್ಮ, ತಡ ಯಾಕೆ?" ಎಂದ ಮುದುಕ.

"ಆಗೇ ಹೋಯ್ತಲ್ಲ ತಾತ!"

ಅಂಟಕ್ಕ ಕಾರಿಡಾರಿಗೆ ಓಡಿ ಬಂದು, ಗೋಡೆಗೊರಗಿ ಅತ್ತಳು.

ಸಂಶೋಧನೆಗಳನ್ನು ಮಾರುಕಟ್ಟೆಗೆ ತಲುಪಿಸಲೆಂದೇ ವಿಶ್ವವಿದ್ಯಾಲಯದಲ್ಲಿ ಒಂದು ಕಚೇರಿಯಿತ್ತು. ಅಲ್ಲಿನ ಅಧಿಕಾರಿ ಪೇಟೆಂಟ್ ಮಾಡಿಸಿ, ಬ್ಯಾಂಡೇಜು ತಯಾರಿಸುವ ದೊಡ್ಡ ಕಂಪನಿಯೊಂದನ್ನು ಹುಡುಕಿ ತಂದ. ಅವನೇನೂ ಕೆಟ್ಟವನಲ್ಲ. "ಹಕ್ಕು ಅವರೊಬ್ಬರಿಗೇ ಕೊಟ್ರೆ ಧೈರ್ಯವಾಗಿ ಬಂಡವಾಳ ಹಾಕ್ತಾರೆ ಮೇಡಂ" ಎಂದ. ಸಹಿಯಾಯಿತು. ಭಾಷಣ, ಫೋಟೋ, ಚಪ್ಪಾಳೆ.

ಆಮೇಲೆ ಸದ್ದಿಲ್ಲ. ಈ ವರ್ಷ, ಬರುವ ವರ್ಷ ಎನ್ನುತ್ತಲೇ ಕಾಲ ಸರಿಯಿತು. ತಡೆಯಲಾರದೆ ಅಂಟಕ್ಕ ಅಧಿಕಾರಿಯನ್ನು ಹೊರಡಿಸಿಕೊಂಡು ಕಂಪನಿಗೇ ಹೋದಳು. ಅಲ್ಲಿನ ಮ್ಯಾನೇಜರು ವಿನಯದಿಂದಲೇ ಹೇಳಿದ: "ನಮ್ಮ ಪಟ್ಟಿ ದಿನಾ ಬದಲಾಯಿಸ್ಬೇಕು. ನಿಮ್ಮದು ವಾರಕ್ಕೊಂದು ಸಾಕು. ನಮ್ಮ ಕಾಲ ಮೇಲೆ ನಾವೇ ಕಲ್ಲು ಹಾಕ್ಕೊಳ್ಳೋದಾ ಮೇಡಂ?"

"ಹಂಗಾದ್ರೆ ತಗೊಂಡಿದ್ದಾದ್ರೂ ಯಾಕೆ?"

"ಬೇರೆಯವರ ಕೈಗೆ ಹೋಗ್ಬಾರ್ದಲ್ಲ."

ವಾಪಸು ಬರುವಾಗ ಅಧಿಕಾರಿ ಕಾರಿನ ಕಿಟಕಿಯತ್ತ ಮುಖ ಮಾಡಿಕೊಂಡೇ ಹೇಳಿದ: "ಇಷ್ಟು ವರ್ಷದೊಳಗೆ ತಯಾರಿಸ್ಲೇಬೇಕು ಅಂತ ಕರಾರಲ್ಲಿ ಹಾಕಿಸ್ಬೇಕಿತ್ತು. ಹಾಕಿಸಿದ್ರೆ ಅವರು ಬರ್ತಾನೇ ಇರ್ಲಿಲ್ಲ."

ಒಂದು ದಿನ ಅದೇ ನರ್ಸು ಫೋನ್ ಮಾಡಿದಳು. ಹೆಂಗಸೊಬ್ಬಳು ಎದೆಯೆಲ್ಲ ಸುಟ್ಟುಕೊಂಡು ಬಂದಿದ್ದಳು. "ಉಳಿದಿದ್ರೆ ನಾಲ್ಕೇ ನಾಲ್ಕು ಪಟ್ಟಿ ಕೊಡಕ್ಕಾ." ಅಂಟಕ್ಕ ಅಧಿಕಾರಿಯನ್ನು ಕೇಳಿದಳು. ಕೊಟ್ಟರೆ ಕರಾರು ಮುರಿದಂತೆ, ಇಡೀ ವಿಭಾಗವನ್ನೇ ಕೋರ್ಟಿಗೆಳೆಯುತ್ತಾರೆ ಎಂದನವ. ನರ್ಸಿಗೆ ಅವಳು ಇಲ್ಲ ಎಂದಳು.

"ನೀನೇ ಮಾಡಿದ್ದು, ನೀನೇ ಕೊಡಂಗಿಲ್ವಾ ಅಕ್ಕ?" ಎಂದು ಊಟಕ್ಕೆ ಕುಳಿತ ತಮ್ಮ ಕೇಳಿದ. ಅವಳು ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದಳು. ಆ ರಾತ್ರಿ ಅವಳ ತಟ್ಟೆಯಲ್ಲಿದ್ದದ್ದು ಹಾಗೇ ಉಳಿಯಿತು.

ಕಡೆಗೆ ಕಂಪನಿ ತಾನಾಗಿಯೇ ಹಕ್ಕನ್ನು ಹಿಂದಿರುಗಿಸಿತು. ಅಷ್ಟರಲ್ಲಿ ಪೇಟೆಂಟಿನ ಅವಧಿಯೇ ಮುಗಿಯುತ್ತ ಬಂದಿತ್ತು. ಆದರೂ ಅವಳು ಚೀಲ ಹೆಗಲಿಗೇರಿಸಿ ಬೇರೆ ಕಂಪನಿಗಳ ಬಾಗಿಲು ತಟ್ಟಿದಳು. ಒಬ್ಬ ಮಾಲೀಕ ಪಟ್ಟಿಯನ್ನು ತನ್ನ ಮಣಿಕಟ್ಟಿಗೇ ಅಂಟಿಸಿ, ತೆಗೆದು, ಬೆರಗಾದ. ಆಮೇಲೆ ಆಗದೆಂದು ತಲೆಯಾಡಿಸಿದ.

"ಇನ್ನು ಸ್ವಲ್ಪ ದಿನಕ್ಕೆ ಇದನ್ನ ಯಾರು ಬೇಕಾದ್ರೂ ಮಾಡ್ಬಹುದು. ಪರೀಕ್ಷೆ, ಪರವಾನಗಿ ಅಂತ ನಾನು ಅಲೀಬೇಕು, ಹಿಂದಿನಿಂದ ಬಂದವನು ಲಾಭ ಬಾಚ್ಕೋಬೇಕು. ಮೊದಲೇ ಬಂದಿದ್ರೆ ಕೈ ಹಿಡಿದು ಒಳಗೆ ಕರ್ಕೊಳ್ತಿದ್ದೆ."

"ಆಗ ಅದು ನನ್ನ ಕೈಲಿರ್ಲಿಲ್ಲ" ಎಂದು ಅವಳು ಎದ್ದಳು.

ಹೊಸ ಬಣ್ಣಗಳ ಮೇಲೆ ಕೆಲಸ ಮಾಡುವವರಿಗೆ ಅವಳ ಪ್ರಯೋಗಾಲಯವನ್ನು ಕೊಟ್ಟರು; ಅವಳಿಗೆ ಮೊದಲ ವರ್ಷದವರ ಪಾಠ ಉಳಿಯಿತು. ಸಾಮಾನು ಖಾಲಿ ಮಾಡುವ ದಿನ, ಪಟ್ಟಿಗೆ ಅಂಟು ಬಳಿಯಲೆಂದು ಅವಳೇ ಬಿಡಿಭಾಗ ಕೂಡಿಸಿ ಕಟ್ಟಿದ್ದ ಯಂತ್ರವನ್ನು ಹೊತ್ತವರು ಬಾಗಿಲಲ್ಲಿ ತಡೆದು ನಿಂತು, "ಸ್ವಲ್ಪ ಸರೀರಿ ಮೇಡಂ" ಎಂದರು.

ಅವಳು ಸರಿದು ನಿಂತಳು.