ಅಡುಗೆಯವಳ ಮೊದಲ ತುತ್ತು

ಆನೇಕಲ್ ಕಡೆಯ ಒಂದು ಸರ್ಕಾರಿ ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ನಾನು ಅಡುಗೆಯವಳಾಗಿದ್ದೆ. ನಿವೃತ್ತಿ ಹತ್ತಿರವಿತ್ತು. ನಮ್ಮ ವಾರ್ಡನ್ನಿಗೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಸ್ವಂತ ಪೀಜಿ. ಸರ್ಕಾರದ ತೊಗರಿಬೇಳೆ ಆಟೊ ಹತ್ತಿ ಅಲ್ಲಿಗೆ ಹೋಗುತ್ತಿತ್ತು. ನಮ್ಮ ಹುಡುಗಿಯರಿಗೆ ಬೇಳೆ ತೊಳೆದಂಥ ನೀರು. ತಪಾಸಣೆಗೆ ಬಂದ ಸಾಹೇಬರಿಗೆ ಹೇಳಿಬಿಟ್ಟೆ.

"ನಿಮ್ ಹೆಸ್ರು ಆಚೆ ಬರಲ್ಲ ಅಜ್ಜಿ," ಎಂದರು.

ಸಂಜೆಗೆ ವಾರ್ಡನ್ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. "ಚಾಡಿ ಹೇಳ್ತೀಯಾ ಮುದುಕಿ? ಇನ್ಮೇಲೆ ಎಲ್ಲಾ ರೂಲ್ಸ್ ಪ್ರಕಾರ. ಅಡುಗೇಲಿ ಒಂದ್ ತಪ್ಪು ಸಿಗ್ಲಿ, ಸಸ್ಪೆಂಡ್ ಮಾಡಿಸ್ತೀನಿ. ಪಿಂಚಣಿ ಇಲ್ದೆ ಸಾಯ್ತೀಯ."

ಮಕ್ಕಳಿಗೆ ಬಡಿಸುವ ಮುಂಚೆ ಅಡುಗೆಯವಳು ತಿಂದು ನೋಡಬೇಕು ಅನ್ನುವುದು ರೂಲ್ಸು. ಮೊದಲೆಲ್ಲ ಸೌಟಿನಿಂದ ಅಂಗೈಗೆ ಬಿಟ್ಟುಕೊಂಡು ನೆಕ್ಕಿದರೆ ಮುಗಿಯುತ್ತಿತ್ತು. ಈಗ ವಾರ್ಡನ್ ಊಟದ ಕೋಣೆಯ ನಡುವೆ ನೆಲಕ್ಕೆ ಕೂರಿಸಿ ತಟ್ಟೆ ತುಂಬ ತಿನ್ನಿಸತೊಡಗಿದಳು. ಆಮೇಲೆ ಅರ್ಧ ಗಂಟೆ ಎಲ್ಲರೂ ಕಾಯಬೇಕು. ಹುಡುಗಿಯರು ತಟ್ಟೆ ಹಿಡಿದು ನನ್ನ ಬಾಯನ್ನೇ ನೋಡುತ್ತಿದ್ದರು.

"ಸತ್ಲೇನ್ರೇ? ಇನ್ನೂ ಇಲ್ವಾ? ಸರಿ, ಬಡಿಸ್ಕೊಳಿ," ಎನ್ನುತ್ತಿದ್ದಳು ವಾರ್ಡನ್. ಹುಡುಗಿಯರು ನಗುತ್ತಿದ್ದರು. ಹಸಿದವರು ಯಾರ ಪರವೂ ಅಲ್ಲ.

ಸಾಹೇಬರಿಗೆ ಫೋನು ಮಾಡಿದೆ. "ರೂಲ್ಸ್ ತಾನೇ ಅಜ್ಜಿ? ಪುಕ್ಕಟೆ ಊಟ, ತಿನ್ನಿ," ಎಂದು ನಕ್ಕರು.

ಒಂದು ಮಧ್ಯಾಹ್ನ ಕರಿಬೇವು ಕಿತ್ತು ತರಲು ಹಿತ್ತಲಿಗೆ ಹೋಗಿ ಬಂದೆ. ಸಾರಿನ ಅಂಚಿನಲ್ಲಿ ನೊರೆ ಕಟ್ಟಿತ್ತು. ಊಟದ ಕೋಣೆಯಲ್ಲಿ ಕೂತು ಬಾಯಿಗಿಟ್ಟರೆ ಪಾತ್ರೆ ತಿಕ್ಕುವ ಪುಡಿಯ ರುಚಿ. ನಾಲಗೆ ಉರಿಯಿತು. ವಾರ್ಡನ್ ಸೊಂಟದ ಮೇಲೆ ಕೈ ಇಟ್ಟುಕೊಂಡು ಕೇಳಿದಳು, "ಎಂಗೈತಜ್ಜಿ ಸಾರು?" ನನ್ನ ಮಾತಿನ ಧಾಟಿಯಲ್ಲೇ ಅಣಕಿಸಿದಳು.

ಚೆನ್ನಾಗಿದೆ ಅಂದರೆ ಮಕ್ಕಳು ಉಣ್ಣುತ್ತವೆ. ಕೆಟ್ಟಿದೆ ಅಂದರೆ ಕೆಡಿಸಿದವಳು ನಾನೇ.

"ಸೋಪಿನ್ ಪುಡಿ ಬಿದ್ದೈತೆ. ಯಾರೂ ಉಣ್ಬೇಡ್ರವ್ವ," ಎಂದೆ.

"ಕೇಳುದ್ರಲ್ಲ, ಅವಳ ಬಾಯಲ್ಲೇ ಬಂತು," ಎಂದಳು ವಾರ್ಡನ್.

ವಿಚಾರಣೆಗೆ ಬಂದವರು ಅದೇ ಸಾಹೇಬರು. ವಾರ್ಡನ್ ಕೊಟ್ಟ ಕಾಫಿ ಕುಡಿಯುತ್ತ, "ನೀವೇ ಒಪ್ಕೊಂಡಿದೀರಲ್ಲ ಅಜ್ಜಿ, ನಾನೇನ್ ಮಾಡ್ಲಿ?" ಎಂದರು. ಸಸ್ಪೆಂಡ್ ಆದೆ. ಪಿಂಚಣಿ ಇವತ್ತಿಗೂ ಬಂದಿಲ್ಲ.

ಅಂದು ಸೀರೆ ಗಂಟು ಹಿಡಿದು ಗೇಟಿಗೆ ಬಂದಾಗ ಒಬ್ಬ ಹುಡುಗಿ ಓಡಿಬಂದಳು. ಅಳುತ್ತಾಳೇನೋ ಎಂದುಕೊಂಡೆ.

"ಅಜ್ಜಿ, ರಾತ್ರಿ ಅಡುಗೆ ಯಾರ್ ಮಾಡ್ತಾರೆ?"

"ಬೇಳೆ ಇದ್ರೆ ಯಾರಾನ ಮಾಡ್ತಾರೆ, ಓಗೇ," ಎಂದೆ.